ಅಣ್ಣನವರ ಜಾವಾ ಮತ್ತು ಭದ್ರಾವತಿಯ ಲೇತು

ಬದುಕಿನ ಬಹುಭಾಗವನ್ನು ಓಲೆಗರಿಗಳ ಎದುರಿನಲ್ಲಿ ಕಳೆದ ನಮ್ಮಂಥವರು ಮೋಟಾರು ಸೈಕಲ್ಲಿನ ಎಂಜಿನ್ನನ್ನು ಕುರಿತು ಬರೆಯಹೊರಟರೆ ಓದುಗರು ಹುಬ್ಬೇರಿಸುವುದು ಸಹಜ. ಮಠದ ಪಾಠಶಾಲೆಯಲ್ಲಿ ನಮಗೆ ಕಲಿಸಿದ್ದು ವ್ಯಾಕರಣ, ಛಂದಸ್ಸು, ನಿಘಂಟು, ಪಿಸ್ಟನ್ನು, ಕಾರ್ಬೊರೇಟರುಗಳಲ್ಲ. ಆದರೆ ಕಳೆದ ಎರಡು ವರ್ಷಗಳಿಂದ ರವೀಂದ್ರನಗರದ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗಲೆಲ್ಲ ಬರುವ ಮಾತು ಇದೊಂದೇ ಆಗಿರುವಾಗ ಬರೆಯದೆ ಇರುವುದೇ ಕಷ್ಟವಾಯಿತು. ನೋಡುತ್ತ ಹೋದಂತೆ ಇದು ನಮ್ಮ ವಿದ್ಯೆಗೆ ತೀರ ಹತ್ತಿರದ ವಿಷಯವೆಂಬುದೂ ಕಂಡುಬಂತು. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇವೆ.

ನಮ್ಮ ಅಣ್ಣನವರು 1969ರಲ್ಲಿ ಒಂದು ಜಾವಾ ಕೊಂಡರು. ಆಗ ನಾವು ಮಠದ ವಿದ್ಯಾರ್ಥಿನಿಲಯದಲ್ಲಿದ್ದೆವು. ತಿಂಗಳಿಗೊಮ್ಮೆ ಅವರು ಗಾಡಿಯ ಹಿಂದೆ ಅಕ್ಕಿಯ ಚೀಲ ಬಿಗಿದುಕೊಂಡು ದಾಸೋಹಕ್ಕೆ ಒಪ್ಪಿಸಲು ಬರುತ್ತಿದ್ದರು. ಅರ್ಧ ಮೈಲಿ ಆಚೆಯಿಂದಲೇ ಆ ಸದ್ದು ಕೇಳಿ ಪಾಠದಲ್ಲಿ ನಮ್ಮ ಕಿವಿ ಹೊರಗಾಗುತ್ತಿತ್ತು. ಎಡಗಡೆಯ ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಒಂದೇ ಧಾತು ಎರಡು ಅರ್ಥಗಳಲ್ಲಿ ಪ್ರಯೋಗವಾದಂತೆ. ಕೀಲಿಯೋ, ಒಂದು ಮೊಳೆಯಂಥ ಕಡ್ಡಿ. ಅದನ್ನು ಕಳೆದುಕೊಂಡವರು ತಕ್ಕ ದಪ್ಪದ ಮೊಳೆಯಿಂದಲೇ ಗಾಡಿ ನಡೆಸಿದ್ದನ್ನು ಆ ಕಾಲದವರು ಬಲ್ಲರು.

ಜಾವಾ ಹುಟ್ಟಿದ್ದು ಚೆಕ್ ದೇಶದಲ್ಲಿ. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ಅದರ ಮೊದಲೆರಡು ಅಕ್ಷರವನ್ನು ಸೇರಿಸಿ ಇಟ್ಟ ಹೆಸರು ಅದು. ನಮ್ಮಲ್ಲಿ ಅದನ್ನು ತಯಾರಿಸಿದ್ದು ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆ. 1961ರಲ್ಲಿ ಅಲ್ಲಿ ತಯಾರಿಕೆ ಆರಂಭವಾಯಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು; ಇರಾನಿನ ಯಜ್ದ್ ಪಟ್ಟಣದ ನೆನಪು ಅದರಲ್ಲಿದೆ. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೊಂದು ಸಂಸ್ಥೆ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಆದರೆ ಅವು ನಾಲ್ಕು ಸ್ಟ್ರೋಕಿನ, ನೀರು ತಣಿಸುವ ಹೊಸ ಎಂಜಿನ್ನಿನ ಗಾಡಿಗಳು. ಹಳೆಯದರ ಒಂದು ಬೋಲ್ಟು ಕೂಡ ಅವುಗಳಿಂದ ಸಿಕ್ಕುವಂತಿಲ್ಲ. ಮೈಸೂರಿನ ಕಾರ್ಖಾನೆಯಿಂದ ಬಂದ ಗಾಡಿಗೆ ಇನ್ನು ಆಸರೆಯೆಂದರೆ ಗುಜರಿ ಅಂಗಡಿ, ನಕಲು ಭಾಗಗಳನ್ನು ಮಾಡುವವರು, ಮತ್ತು ಲೇತಿನ ಮುಂದೆ ನಿಂತ ಮನುಷ್ಯ.

ಅಣ್ಣನವರು 2017ರಲ್ಲಿ ಲಿಂಗೈಕ್ಯರಾದರು. ಅದಕ್ಕೂ ಬಹಳ ಮೊದಲೇ ಗಾಡಿ ನಿಂತುಹೋಗಿತ್ತು. ಹಿತ್ತಲ ಕೊಟ್ಟಿಗೆಯಲ್ಲಿ ಅಡಕೆ ಹಾಳೆಯ ರಾಶಿಯ ಹಿಂದೆ, ಗೋಣಿ ಹೊದ್ದು, ಇಪ್ಪತ್ತು ವರ್ಷ ಅದು ಹಾಗೆಯೇ ಇತ್ತು. ಎರಡು ವರ್ಷಗಳ ಹಿಂದೆ ಬೆಂಗಳೂರಿನಿಂದ ಹಳೆಯ ವಾಹನಗಳನ್ನು ಸಂಗ್ರಹಿಸುವ ಒಬ್ಬರು ಸುಳಿವು ಹಿಡಿದು ಬಂದರು. ಏನನ್ನೂ ಮುಟ್ಟದೆ, ತುಕ್ಕನ್ನೂ ಒರೆಸದೆ ಇದ್ದಂತೆಯೇ ಕೊಟ್ಟರೆ ಇಂತಿಷ್ಟು ಎಂದರು. ಆ ಮೊತ್ತವನ್ನು ಇಲ್ಲಿ ಬರೆಯುವುದು ಬೇಡ. ಹೊಸ ಗಾಡಿಯ ಬೆಲೆಗಿಂತ ಹೆಚ್ಚಿತ್ತೆಂದರೆ ಸಾಕು. ಅಣ್ಣನ ಮಗನಿಗೆ ಆ ವರ್ಷ ಮಗಳ ಕಾಲೇಜಿನ ಶುಲ್ಕ ಕಟ್ಟುವ ತಾಪತ್ರಯ. ತೋಟದಲ್ಲಿ ಎಲೆಚುಕ್ಕಿ ರೋಗ. ಅವನು ಕೈಚಾಚಿ ಒಪ್ಪಿಕೊಂಡಿದ್ದರೆ ನಾವು ತಪ್ಪೆನ್ನುತ್ತಿರಲಿಲ್ಲ.

ಅಡ್ಡ ಬಂದವನು ಅವನ ಮಗ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸ ಮಾಡುತ್ತಿದ್ದ ಹುಡುಗ. "ಅಜ್ಜನ ಗಾಡಿ ಮಾರಬೇಡಿ, ನಾನು ಓಡಿಸ್ತೀನಿ" ಎಂದ. ಓಡಿಸುವುದೆಂದರೆ ಸುಮ್ಮನಲ್ಲ. ಹಳೆಯ 6 ವೋಲ್ಟಿನ ಡೈನಮೋ ತೆಗೆದು 12 ವೋಲ್ಟಿನದನ್ನು ಹಾಕುತ್ತಾನಂತೆ, ಕಾರ್ಬೊರೇಟರ್ ಬೇರೆಯ ಗಾಡಿಯದಂತೆ, ಕಿಡಿ ಕೊಡುವುದಕ್ಕೆ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಪೆಟ್ಟಿಗೆಯಂತೆ. ತಂದೆಗೆ ಸಿಟ್ಟು ಬಂತು. "ಇದ್ದದ್ದು ಇದ್ದಂತೆ ಇದ್ದರೆ ಲಕ್ಷಗಳ ಮಾಲು. ನೀನು ಕೈ ಹಾಕಿದರೆ ಗುಜರಿ" ಎಂದ. ಮಗ ನಮ್ಮ ಕಡೆ ತಿರುಗಿ, "ಸಣ್ಣಜ್ಜ, ನೀವು ಹೇಳಿ" ಎಂದುಬಿಟ್ಟ. ಮನೆಯ ಹಿರಿಯರೆಂಬ ಒಂದೇ ಕಾರಣಕ್ಕೆ ನಾವು ಎಂಜಿನ್ನಿನ ನ್ಯಾಯ ತೀರಿಸಬೇಕಾಗಿ ಬಂತು.

ನ್ಯಾಯ ಹೇಳುವವನು ಮೊದಲು ಶಾಸ್ತ್ರ ನೋಡಬೇಕಷ್ಟೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಕೂಡದು. ಎಂಜಿನ್ ಬದಲಿಸುವುದಾದರೆ ಅನುಮತಿ ಪಡೆಯಬೇಕು. 2021ರಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳಿಗೆಂದೇ ಒಂದು ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಗಾಗಲಿ ಎಂಜಿನ್ನಿಗಾಗಲಿ ಹೇಳಿಕೊಳ್ಳುವಂಥ ಮಾರ್ಪಾಟಾಗದ ಸ್ವಂತ ವಾಹನಕ್ಕೆ 'ವಿಂಟೇಜ್' ಎಂಬ ಮನ್ನಣೆ. ಫಲಕದಲ್ಲಿ 'ವಿಎ' ಎಂಬ ಎರಡಕ್ಷರ. ಹತ್ತು ವರ್ಷದ ನೋಂದಣಿ. ಅಣ್ಣನವರ ಗಾಡಿ ಇದಕ್ಕೆ ಸಲ್ಲುತ್ತಿತ್ತು. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನಕ್ಕೆ, ಸಂಶೋಧನೆಗೆ, ರ‍್ಯಾಲಿಗೆ, ಎಣ್ಣೆ ತುಂಬಿಸಲು, ದುರಸ್ತಿಗೆ ಮಾತ್ರ ರಸ್ತೆಗಿಳಿಸಬಹುದು, ದಿನಬಳಕೆಗೆ ಕೂಡದು. ಅಂದರೆ ಗಾಡಿಗೆ ಗೌರವ ಸಿಕ್ಕುತ್ತದೆ, ತೋಟಕ್ಕೆ ಹೋಗಿ ಬರುವ ಅಧಿಕಾರ ಹೋಗುತ್ತದೆ. ಊರಿನ ಹಿರಿಯರನ್ನು ಸನ್ಮಾನಿಸಿ ಶಾಲು ಹೊದಿಸಿ, ಇನ್ನು ನೀವು ಮಾತಾಡಬೇಡಿ ಎಂದಂತೆ. ಬಾಗದೆ ನಿಂತ ಒಂದು ಪ್ರತಿಯನ್ನು ಮುಟ್ಟದೆ ಉಳಿಸಿಕೊಳ್ಳುವುದು ಒಳ್ಳೆಯದೇ. ಆದರೆ ಎಲ್ಲ ಪ್ರತಿಗಳೂ ಗಾಜಿನ ಪೆಟ್ಟಿಗೆ ಸೇರಿದರೆ ಓದುವವರಾರು?

"ಇದು ಗುಜರಿಯವರ ಬುದ್ಧಿ" ಎಂದ ತಂದೆಗೆ ಉತ್ತರವೆಂಬಂತೆ ಹುಡುಗ ಒಂದು ರಾತ್ರಿ ನಮಗೆ ಅಮೆರಿಕದ ಕಥೆ ಹೇಳಿದ. ಅಲ್ಲಿ 'ಹಾಟ್ ರಾಡ್' ಎಂಬ ಒಂದು ಬಗೆಯ ಕಾರುಗಳು. ಫೋರ್ಡ್ ಸಂಸ್ಥೆ 1932ರಲ್ಲಿ ಎಂಟು ಸಿಲಿಂಡರಿನ, 221 ಘನ ಇಂಚಿನ, 65 ಅಶ್ವಶಕ್ತಿಯ ಎಂಜಿನ್ನನ್ನು ಸಾಮಾನ್ಯರ ಕಾರಿಗೆ ಹಾಕಿತು. ಆ ಕಾರುಗಳು ಹಳೆಯವಾಗಿ ಅಗ್ಗಕ್ಕೆ ಬಂದಾಗ ಕ್ಯಾಲಿಫೋರ್ನಿಯದ ಹುಡುಗರು, ಹೆಚ್ಚಿನವರು ಕೈಯಲ್ಲಿ ಕಾಸಿಲ್ಲದವರು, ಗುಜರಿಯಿಂದ ಭಾಗಗಳನ್ನು ಹೆಕ್ಕಿ ತಂದು ಅವನ್ನು ಬದಲಿಸತೊಡಗಿದರು. ಮರ್ಕ್ಯುರಿ ಕಾರಿನ 1949ರ ಕ್ರ್ಯಾಂಕ್ ಶಾಫ್ಟನ್ನು ಫೋರ್ಡ್ ಎಂಜಿನ್ನಿಗೆ ಕೂರಿಸಿದರೆ ಪಿಸ್ಟನ್ನಿನ ಓಟ ಮೂರೂ ಮುಕ್ಕಾಲು ಇಂಚಿನಿಂದ ನಾಲ್ಕು ಇಂಚಿಗೆ ಏರುತ್ತದೆ; ಹೊಸ ಎಂಜಿನ್ ಕೊಳ್ಳದೆಯೇ ಎಂಜಿನ್ ದೊಡ್ಡದಾಗುತ್ತದೆ. ಲಿಂಕನ್ ಕಾರಿನ ಗೇರು ಚಕ್ರಗಳು ಫೋರ್ಡಿನ ಪೆಟ್ಟಿಗೆಗೆ ಹೊಂದುತ್ತವೆಂದು ಕಂಡುಕೊಂಡರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬಿಲ್ ಬರ್ಕ್ ಎಂಬಾತ ಯುದ್ಧವಿಮಾನದ ಹೊಟ್ಟೆಯಡಿ ತೂಗುಹಾಕುತ್ತಿದ್ದ ಎಣ್ಣೆಯ ತೊಟ್ಟಿಯನ್ನೇ ಕಾರಿನ ಮೈಯಾಗಿ ಮಾಡಿ, ಒಣಗಿದ ಸರೋವರದ ಬಯಲಲ್ಲಿ ಓಡಿಸಿದ. ಅವರದೇ ಸಂಘ 1937ರಲ್ಲಿ, ಅವರದೇ ಪತ್ರಿಕೆ 1948ರಲ್ಲಿ. ಆ ಹುಡುಗರಲ್ಲಿ ಹಲವರು ಮುಂದೆ ಎಂಜಿನ್ ಭಾಗಗಳ ದೊಡ್ಡ ತಯಾರಕರಾದರು. ಇಂದು ಅದು ಅಲ್ಲಿ ಶ್ರೀಮಂತರ ವಿನೋದ. ಹುಟ್ಟಿದಾಗ ಹಾಗಿರಲಿಲ್ಲ.

ಕೇಳುತ್ತ ನಮಗೆ ನೆನಪಾದದ್ದು ಅಮೆರಿಕವಲ್ಲ, ಮಲೆನಾಡಿನ ಕತ್ತಿ. ನಮ್ಮ ತೋಟಗಳಲ್ಲಿ ಕೆಲಸ ಮಾಡುವ ಮಚ್ಚು, ಕತ್ತಿಗಳಲ್ಲಿ ಎಷ್ಟೋ ಲಾರಿ, ಜೀಪುಗಳ ಮುರಿದ ಸ್ಪ್ರಿಂಗ್ ಪ್ಲೇಟಿನಿಂದ ಆದವು. ಕಮ್ಮಾರನಿಗೆ ಆ ಉಕ್ಕಿನ ಗುಣ ಗೊತ್ತು. ಬಾಗಿಯೂ ಮುರಿಯದ್ದು, ಹದ ಹಿಡಿದರೆ ಅಲಗು ನಿಲ್ಲುವಂಥದ್ದು. ಅದನ್ನು ಯಾರೂ ಗುಜರಿಯ ಬುದ್ಧಿ ಎನ್ನುವುದಿಲ್ಲ. ಜೀಪಿನ ಕಥೆಯೂ ಹಾಗೆಯೇ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೆಯ ಜೀಪುಗಳಲ್ಲಿ ಇದ್ದದ್ದು ಪೆಟ್ರೋಲಿನ ಎಂಜಿನ್. 1973ರ ನಂತರ ಎಣ್ಣೆಯ ಬೆಲೆ ಏರಿದಾಗ ಜೀಪು ಸಾಕುವುದು ಆನೆ ಸಾಕಿದಂತಾಯಿತು. ಮಹೀಂದ್ರ ಕಂಪನಿಯೇ ತನ್ನ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನು ಜೀಪಿಗೆ ಕೂರಿಸಿ ಮಾರಿತು. ಇದ್ದ ಜೀಪನ್ನು ಬಿಡಲಾಗದವರು ಊರಿನ ಗ್ಯಾರೇಜಿನಲ್ಲಿಯೇ ಡೀಸೆಲ್ ಎಂಜಿನ್ ಹಾಕಿಸಿಕೊಂಡರು. ಗುಜರಾತಿನ ಅಮ್ರೇಲಿಯ ಮನ್ಸುಖಭಾಯಿ ಜಗಾನಿ ಎಂಬ ರೈತರು 1994ರಲ್ಲಿ ಬುಲೆಟ್ ಮೋಟಾರು ಸೈಕಲ್ಲಿಗೆ ಡೀಸೆಲ್ ಎಂಜಿನ್ ಹಾಕಿ, ಹಿಂದಿನ ಚಕ್ರದ ಜಾಗಕ್ಕೆ ಎರಡು ಚಕ್ರ ಕೊಟ್ಟು, ನೇಗಿಲು ಕಟ್ಟಿ ಹೊಲ ಉತ್ತರು. ಎತ್ತು ಸಾಕಲಾರದ ಸಣ್ಣ ಹಿಡುವಳಿಯವರಿಗೆ ಅದು ಎತ್ತಾಯಿತು.

ಜೀಪಿಗೆ ಬೇರೆ ಎಂಜಿನ್ ಕೂರಿಸುವುದೆಂದರೆ ಬಚ್ಚಲ ಹಂಡೆ ಬದಲಿಸಿದಂತಲ್ಲವೆಂಬುದನ್ನು ನಮಗೆ ತಿಳಿಸಿದವರು ಭದ್ರಾವತಿಯ ಒಬ್ಬ ಟರ್ನರ್ ಮೇಸ್ತ್ರಿಗಳು. ಹುಡುಗನಿಗೆ ಯಾರೋ ಅವರ ವಿಳಾಸ ಕೊಟ್ಟಿದ್ದರು. ಉಕ್ಕಿನ ಕಾರ್ಖಾನೆಯ ಯಂತ್ರಶಾಲೆಯಲ್ಲಿ ಮೂರು ದಶಕ ದುಡಿದು ನಿವೃತ್ತರಾಗಿ, ಮನೆಯ ಮುಂದಿನ ತಗಡಿನ ಷೆಡ್ಡಿನಲ್ಲಿ ಒಂದು ಹಳೆಯ ಲೇತು ಇಟ್ಟುಕೊಂಡವರು. ವಯಸ್ಸು ನಮಗಿಂತ ಹತ್ತು ವರ್ಷ ಹೆಚ್ಚು. ಭದ್ರಾವತಿಯಲ್ಲಿ ಇಂಥ ಕೈಗಳು ಇರುವುದಕ್ಕೆ ಕಾರಣವಿದೆ. 1923ರಲ್ಲಿ ಅಲ್ಲಿ ಕುಲುಮೆ ಹೊತ್ತಿತು; ವಿಶ್ವೇಶ್ವರಯ್ಯನವರು ಅದನ್ನು ಕೈ ಹಿಡಿದು ನಡೆಸಿದರು. ಕಾರ್ಖಾನೆ ಉಕ್ಕಿನಷ್ಟೇ ಮನುಷ್ಯರನ್ನೂ ತಯಾರಿಸಿತು. ಅಚ್ಚು ಮಾಡುವವರು, ಎರಕ ಹೊಯ್ಯುವವರು, ಫಿಟ್ಟರುಗಳು, ಟರ್ನರುಗಳು. ಕಾಗದದ ಕಾರ್ಖಾನೆ 2015ರ ಕೊನೆಯ ಹೊತ್ತಿಗೆ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಆಮೇಲೆ ಕಾರ್ಮಿಕರ ಹೋರಾಟ ನಡೆದು ಅದೇ ವರ್ಷ ರೋಲಿಂಗಿನ ಕೆಲಸ ಅಷ್ಟಿಷ್ಟು ಮತ್ತೆ ಆರಂಭವಾದದ್ದೂ ಉಂಟು. ಯಂತ್ರಗಳ ಬೆಲೆಯನ್ನು ಲೆಕ್ಕ ಹಾಕುವವರಿದ್ದಾರೆ. ಮೇಸ್ತ್ರಿಗಳ ಬೆರಳಿನಲ್ಲಿರುವುದನ್ನು ಯಾವ ದಫ್ತರದಲ್ಲಿ ಬರೆದುಕೊಂಡಿದ್ದಾರೋ ಕಾಣೆವು.

ಜೀಪಿನ ವಿಷಯದಲ್ಲಿ ಅವರು ಹೇಳಿದ್ದು ಇಷ್ಟು. ಹೊಸ ಎಂಜಿನ್ನಿಗೂ ಹಳೆಯ ಗೇರ್ ಪೆಟ್ಟಿಗೆಗೂ ನಡುವೆ ಒಂದು ಉಕ್ಕಿನ ತಟ್ಟೆ ಬೇಕು. ಒಂದು ಮುಖದಲ್ಲಿ ಎಂಜಿನ್ನಿನ ತೂತುಗಳು, ಇನ್ನೊಂದರಲ್ಲಿ ಪೆಟ್ಟಿಗೆಯ ತೂತುಗಳು. ಎರಡರ ನಡುಗೆರೆ ಒಂದೇ ಆಗಿರಬೇಕು. ಕೂದಲೆಳೆಯಷ್ಟು ಓರೆಯಾದರೂ ಗಾಡಿ ಅಂದು ಓಡುತ್ತದೆ; ಮೂರು ತಿಂಗಳಿಗೆ ಗೇರ್ ಪೆಟ್ಟಿಗೆಯ ಮುಂದಿನ ಬೇರಿಂಗ್ ಅಳತೊಡಗುತ್ತದೆ. ಕ್ಲಚ್ ತಟ್ಟೆಯ ನಡುವಿನ ಹಲ್ಲುಗಳು ಹಳೆಯ ಶಾಫ್ಟಿಗೆ ಹೊಂದಬೇಕು, ಅದರ ಹೊರಸುತ್ತು ಹೊಸ ಫ್ಲೈವೀಲಿಗೆ ಹೊಂದಬೇಕು. ಆದ್ದರಿಂದ ಎರಡು ತಟ್ಟೆಗಳನ್ನು ಒಡೆದು ಒಂದು ಮಾಡುವುದು. ಡೀಸೆಲಿನ ತೂಕ ಹೆಚ್ಚು, ಆದ್ದರಿಂದ ಮುಂದಿನ ಸ್ಪ್ರಿಂಗಿಗೆ ಒಂದು ಪ್ಲೇಟು ಸೇರಿಸುವುದು. ಅದರ ತಿರುಗುವ ವೇಗ ಕಡಿಮೆ. ಆದ್ದರಿಂದ ಏರಿನಲ್ಲಿ ಸುಖ, ಬಯಲಿನಲ್ಲಿ ನಿಧಾನ. "ಇದನ್ನೆಲ್ಲ ಯಾರು ಕಲಿಸಿದರು ಮೇಸ್ತ್ರಿಗಳೇ?" ಎಂದು ಕೇಳಿದೆವು. "ವಾಪಸು ಬಂದ ಜೀಪುಗಳು ಕಲಿಸಿದವು ಗುರುಗಳೇ" ಎಂದರು.

ಅವರಿಂದ ನಾವು ಕಲಿತ ಇನ್ನೊಂದು ಸಂಗತಿ ವ್ಯಾಕರಣದವರಿಗೆ ಮೆಚ್ಚುಗೆಯಾಗತಕ್ಕದ್ದು. ಬಾಲ್ ಬೇರಿಂಗುಗಳ ಅಂಚಿನಲ್ಲಿ ಒಂದು ಸಂಖ್ಯೆ ಕೊರೆದಿರುತ್ತದೆ. 6204 ಎಂದಿದ್ದರೆ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಬೇಕು: ಒಳಗಿನ ತೂತು 20 ಮಿಲಿಮೀಟರ್. 6205 ಎಂದರೆ 25. ಮೊದಲಿನ 6 ಎಂಬುದು ಜಾತಿ, ಅದರ ಮುಂದಿನ 2 ಎಂಬುದು ಮೈಕಟ್ಟು. 3 ಆದರೆ ಅದೇ ತೂತಿಗೆ ಇನ್ನೂ ದಪ್ಪ ಮೈ. ಜಗತ್ತಿನ ಯಾವ ಕಾರ್ಖಾನೆಯೇ ಮಾಡಲಿ, ನೀರೆತ್ತುವ ಪಂಪಿನದೇ ಇರಲಿ, ಮೋಟಾರು ಸೈಕಲ್ಲಿನದೇ ಇರಲಿ, 6205 ಎಂದರೆ ಒಳಸುತ್ತು 25, ಹೊರಸುತ್ತು 52, ಅಗಲ 15 ಮಿಲಿಮೀಟರ್. ಸೂತ್ರಕಾರರು ಅರ್ಧ ಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಸಂತೋಷಪಡುತ್ತಿದ್ದರೆಂಬ ಮಾತುಂಟಲ್ಲ. ಇಲ್ಲಿ ನಾಲ್ಕು ಅಂಕಿಯಲ್ಲಿ ಒಂದು ಇಡೀ ವಸ್ತು ಅಡಗಿದೆ. ಈ ಪರಿಭಾಷೆ ಇರುವುದರಿಂದಲೇ ಸತ್ತ ಯಂತ್ರದ ಭಾಗ ಬದುಕಿರುವ ಯಂತ್ರಕ್ಕೆ ಸಲ್ಲುವುದು.

ಇನ್ನು ಜಾವಾದ ವಿಷಯ. ಅದರ ಎಂಜಿನ್ ಎರಡು ಸ್ಟ್ರೋಕಿನದು. ಸಿಲಿಂಡರಿನ ವ್ಯಾಸ 65, ಪಿಸ್ಟನ್ನಿನ ಓಟ 75 ಮಿಲಿಮೀಟರ್. ಗುಣಿಸಿದರೆ 249 ಘನ ಸೆಂಟಿಮೀಟರ್. ಇಂಥ ಎಂಜಿನ್ನಿನಲ್ಲಿ ಕೆಳಗಿನ ಕ್ರ್ಯಾಂಕಿನ ಗೂಡೇ ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಎಳೆದು ಮೇಲಕ್ಕೆ ನೂಕುವ ತಿದಿ. ಆ ಗೂಡಿನ ಎರಡು ಬದಿಯ ಆಯಿಲ್ ಸೀಲು ಒಣಗಿ ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಸೇರಿ, ಮಿಶ್ರಣ ತೆಳುವಾಗಿ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಇಪ್ಪತ್ತು ವರ್ಷ ನಿಂತ ಗಾಡಿಯನ್ನು ತಂದು ಒಂದೇ ಒದೆತಕ್ಕೆ ಎಬ್ಬಿಸಿ ಹೆಮ್ಮೆಪಡುವವರು ಎಂಜಿನ್ನನ್ನು ಕೊಲ್ಲುವುದು ಹೀಗೆಯೇ ಎಂದರು ಮೇಸ್ತ್ರಿಗಳು. ಆದ್ದರಿಂದ ಮೊದಲು ಎಲ್ಲವನ್ನೂ ಬಿಚ್ಚಿದ್ದಾಯಿತು. ಈ ಕ್ರ್ಯಾಂಕು ಒಂದೇ ತುಂಡಲ್ಲ. ಎರಡು ಉಕ್ಕಿನ ಚಕ್ರಗಳ ನಡುವೆ ಒಂದು ಪಿನ್ನನ್ನು ಒತ್ತಿ ಕೂರಿಸಿರುತ್ತಾರೆ. ಕನೆಕ್ಟಿಂಗ್ ರಾಡ್ ಬದಲಿಸಲು ಅದನ್ನು ಪ್ರೆಸ್ಸಿನಲ್ಲಿ ಬಿಡಿಸಿ ಮತ್ತೆ ಒತ್ತಬೇಕು, ಆಮೇಲೆ ಎರಡು ಮೊನೆಗಳ ನಡುವೆ ನಿಲ್ಲಿಸಿ ಡಯಲ್ ಹಿಡಿದು ತಿರುಗಿಸಿ, ಓರೆಯಿದ್ದ ಕಡೆ ತಾಮ್ರದ ಸುತ್ತಿಗೆಯಿಂದ ತಟ್ಟಬೇಕು. ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲಿಗಿಂತ ಹೆಚ್ಚು ಓರೆ ಉಳಿಯಕೂಡದು. ಹುಡುಗ ಆ ಒಂದು ಕೆಲಸಕ್ಕೆ ಮೂರು ಭಾನುವಾರ ಕಳೆದ. ನಾಲ್ಕನೆಯ ಭಾನುವಾರ ಮೇಸ್ತ್ರಿಗಳು ಕನ್ನಡಕ ತೆಗೆದು, ಡಯಲನ್ನೂ ನೋಡದೆ, ಬೆರಳಿಟ್ಟು, "ಇಲ್ಲಿ" ಎಂದರು. ಅಲ್ಲಿಯೇ ಇತ್ತು.

ಹಳೆಯ ಭಾಗಗಳು ಹೇಗೆ ಹೊಸ ಕೆಲಸಕ್ಕೆ ಬಂದುವೆಂಬುದನ್ನು ನಾವು ಕಣ್ಣಾರೆ ಕಂಡೆವು. ಕ್ರ್ಯಾಂಕನ್ನು ಬಿಡಿಸಲು ಹಿಡಿತದ ಅಚ್ಚು ಬೇಕಾಯಿತು; ಅದು ಲಾರಿಯ ಮುರಿದ ಆಕ್ಸಲಿನ ತುಂಡಿನಿಂದ ಆಯಿತು. ಹೊಸ ಕಾರ್ಬೊರೇಟರಿನ ಬಾಯಿಗೂ ಜಾವಾದ ಸಿಲಿಂಡರಿಗೂ ಹೊಂದಿಕೆ ಇರಲಿಲ್ಲ. ಲಾರಿಯ ಹಳೆಯ ಅಲ್ಯುಮಿನಿಯಂ ಪಿಸ್ಟನ್ನಿನ ತಲೆಯನ್ನು ಕೊಯ್ದು, ಲೇತಿನಲ್ಲಿ ಸುತ್ತಿಸಿ, ನಡುವೆ ತೂತು ಕೊರೆದು, ಬಳೆಯಂಥ ಒಂದು ಹೊಂದಿಕೆ ಮಾಡಿದರು. ಬೇರೊಂದು ಗಾಡಿಯ 12 ವೋಲ್ಟಿನ ಆಲ್ಟರ್ನೇಟರು ಕ್ರ್ಯಾಂಕಿನ ತುದಿಗೆ ಕೂರಲು ಒಂದು ಬುಷ್. ಸಿಲಿಂಡರನ್ನು ಅರ್ಧ ಮಿಲಿಮೀಟರ್ ಬೋರ್ ಮಾಡಿ ಆ ಅಳತೆಯ ಪಿಸ್ಟನ್. ಸೀಲು, ಬೇರಿಂಗುಗಳು ಮಾತ್ರ ಹೊಸವು. "ರಬ್ಬರಿಗೂ ಗುಂಡಿಗೂ ಹಳೆಯದು ಹುಡುಕಬಾರದು, ಉಕ್ಕಿಗೆ ಹುಡುಕಬಹುದು" ಎಂಬುದು ಅವರ ಕಟ್ಟಳೆ.

ಹುಡುಗನಿಗೆ ಇಷ್ಟರಿಂದ ತೃಪ್ತಿಯಾಗಲಿಲ್ಲ. ತಲೆಯನ್ನು, ಅಂದರೆ ಸಿಲಿಂಡರಿನ ಹೆಡ್ಡನ್ನು, ಒಂದು ಮಿಲಿಮೀಟರ್ ತರೆದರೆ ಒತ್ತಡ ಏರಿ ಶಕ್ತಿ ಹೆಚ್ಚುತ್ತದೆಂದ. ಮೇಸ್ತ್ರಿಗಳು ಸೀಮೆಸುಣ್ಣ ಕೊಟ್ಟು ಲೆಕ್ಕ ಮಾಡು ಎಂದರು. ಬೆಂಕಿ ಹೊತ್ತುವ ಗೂಡು 36 ಘನ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒತ್ತಡದ ಪ್ರಮಾಣ ಸುಮಾರು 7.9ಕ್ಕೆ ಒಂದು. 65 ಮಿಲಿಮೀಟರ್ ವ್ಯಾಸದಲ್ಲಿ ಒಂದು ಮಿಲಿಮೀಟರ್ ಹೋದರೆ ಹತ್ತಿರ ಹತ್ತಿರ 3.3 ಘನ ಸೆಂಟಿಮೀಟರ್ ಕಡಿಮೆಯಾಗಿ ಪ್ರಮಾಣ 8.6ಕ್ಕೆ ಏರುತ್ತದೆ. "ಸರಿ. ಈ ಬಿಸಿಯನ್ನು ಯಾವ ರೆಕ್ಕೆ ಹೊರಕ್ಕೆ ಹಾಕುತ್ತೆ? ಸಿಲಿಂಡರಿನ ರೆಕ್ಕೆ ಇದ್ದಷ್ಟೇ ಇದೆಯಲ್ಲ" ಎಂದರು. ಹುಡುಗ ಸುಮ್ಮನಾದ. ಪಕ್ಕದಲ್ಲಿ ಕುಳಿತಿದ್ದ ನಾವು ಇನ್ನೊಂದು ಮಾತು ಸೇರಿಸಿದೆವು: ಆಲ್ಟರ್ನೇಟರನ್ನು ನಾಳೆ ಬಿಚ್ಚಿ ಹಳೆಯ ಡೈನಮೋ ಮತ್ತೆ ಹಾಕಬಹುದು, ತರೆದ ತಲೆಯನ್ನು ಮತ್ತೆ ಬೆಳೆಸಲಾಗದು.

ನಮ್ಮ ವಿದ್ಯೆಗೆ ಇದು ಹತ್ತಿರವೆಂದದ್ದು ಇಲ್ಲಿ. ಹುಳು ತಿಂದ ಓಲೆಯನ್ನು ಎದುರಿಟ್ಟುಕೊಂಡ ಸಂಪಾದಕನ ಮುಂದೆ ಮೂರು ದಾರಿಗಳಿರುತ್ತವೆ. ತೂತನ್ನು ತೂತಾಗಿಯೇ ಮುದ್ರಿಸುವುದು ಒಂದು. ಅದು ಪ್ರಾಮಾಣಿಕ, ಆದರೆ ಪದ್ಯ ಓದಿಸಿಕೊಳ್ಳುವುದಿಲ್ಲ. ತನಗೆ ತೋಚಿದ್ದನ್ನು ಮೂಲವೆಂಬಂತೆ ತುಂಬುವುದು ಇನ್ನೊಂದು, ಅದು ಮೋಸ. ಬೇರೆ ಪ್ರತಿಯಿಂದ ಅಕ್ಷರ ತಂದು, ಛಂದಸ್ಸಿಗೆ ಹೊಂದಿಸಿ, ಕಂಸದಲ್ಲಿಟ್ಟು, ಇದು ಎಲ್ಲಿಂದ ಬಂತೆಂದು ಅಡಿಯಲ್ಲಿ ಬರೆಯುವುದು ಮೂರನೆಯದು. ನಾವು ಜೀವಮಾನವೆಲ್ಲ ಮಾಡಿದ್ದು ಈ ಮೂರನೆಯದನ್ನು. ಆದ್ದರಿಂದ ಮನೆಯ ನ್ಯಾಯವನ್ನೂ ಹಾಗೆಯೇ ಹೇಳಿದೆವು. ಗಾಡಿ ಓಡಲಿ. ಎಂಜಿನ್ನಿನ ಕೇಸು, ಅದರ ಮೇಲಿನ ಸಂಖ್ಯೆ, ಚಾಸಿ ಬದಲಾಗಕೂಡದು. ಕಾನೂನಿಗೂ ಅದೇ ಬೇಕು. ಹಿಂದಕ್ಕೆ ತರಲಾಗದಂತೆ ಏನನ್ನೂ ಕೊಯ್ಯಕೂಡದು. ತೆಗೆದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ, ಎಲ್ಲಿಂದ ಯಾವಾಗ ತೆಗೆದದ್ದೆಂದು ಬರೆದು ಪೆಟ್ಟಿಗೆಯಲ್ಲಿಡತಕ್ಕದ್ದು. ಆ ಪೆಟ್ಟಿಗೆ ಈಗ ನಮ್ಮ ಪುಸ್ತಕದ ಬೀರುವಿನ ಕೆಳಗಿನ ಅರೆಯಲ್ಲಿದೆ. ಡೈನಮೋ, ಪಾಯಿಂಟು, ಹಳೆಯ ಯಿಕೋವ್ ಕಾರ್ಬೊರೇಟರ್, ಸವೆದ ಪಿಸ್ಟನ್. ಮನೆಯಲ್ಲಿ ಎಣ್ಣೆಯ ವಾಸನೆಯೆಂದು ನಮ್ಮವರ ಆಕ್ಷೇಪಣೆ ಇದೆ. ನಿಘಂಟುಗಳು ಏನೂ ಅಂದಿಲ್ಲ.

ಎಂಟು ತಿಂಗಳ ಮೇಲೆ ಗಾಡಿ ಎದ್ದಿತು. ಆರ್‌ಟಿಒ ಕಚೇರಿಯಲ್ಲಿ ನೋಂದಣಿ ನವೀಕರಿಸಲು ಹುಡುಗ ನಾಲ್ಕು ಸಲ ಅಲೆದ. ಈಗ ತೋಟಕ್ಕೆ ಹೋಗಿಬರುತ್ತದೆ; ಒಂದು ಲೀಟರ್ ಪೆಟ್ರೋಲಿಗೆ ಸುಮಾರು 40 ಮಿಲಿ ಎಣ್ಣೆ ಬೆರೆಸಿಕೊಂಡು, ಹಿಂದೆ ನೀಲಿ ಹೊಗೆಯ ಗೆರೆ ಎಳೆಯುತ್ತ. ಆ ಹೊಗೆ ಊರಿಗೆ ಹಿತವಲ್ಲವೆಂಬುದನ್ನು ನಾವು ಬಲ್ಲೆವು. ಇಂಥ ಸಾವಿರ ಗಾಡಿ ಓಡಬೇಕೆಂದು ನಾವು ವಾದಿಸುವುದಿಲ್ಲ. ಒಂದು ಓಡಲಿ ಎನ್ನುತ್ತೇವೆ. ಅಣ್ಣನ ಮಗ ಇಂದಿಗೂ ಇದನ್ನು ನಷ್ಟದ ಬಾಬೆಂದೇ ಬರೆದುಕೊಂಡಿದ್ದಾನೆ. ಅವನ ಲೆಕ್ಕ ತಪ್ಪಲ್ಲ. ಮಗಳ ಶುಲ್ಕಕ್ಕೆ ಸಹಕಾರಿ ಸಂಘದಲ್ಲಿ ಸಾಲ ಎತ್ತಿದ. ಕಂತು ಇನ್ನೂ ಇದೆ. ಅದರಲ್ಲಿ ಒಂದು ಪಾಲನ್ನು ಹುಡುಗ ಪ್ರತಿ ತಿಂಗಳೂ ತಂದೆಯ ಕೈಗಿಡುತ್ತಾನೆ. ತಂದೆ ಎಣಿಸಿಕೊಳ್ಳುತ್ತಾನೆ, ಮಾತಾಡುವುದಿಲ್ಲ.

ನಮ್ಮ ಚಿಂತೆ ಈಗ ಗಾಡಿಯದಲ್ಲ, ಮೇಸ್ತ್ರಿಗಳದು. ಅವರ ಕೈ ನಡುಗತೊಡಗಿದೆ. ಇಬ್ಬರು ಮಕ್ಕಳೂ ಬೇರೆ ಊರಿನಲ್ಲಿ ಬೇರೆ ಉದ್ಯೋಗದಲ್ಲಿದ್ದಾರೆ. ಲೇತನ್ನು ಕೊಳ್ಳಲು ಗುಜರಿಯವರು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದಾರಂತೆ. ಹಳೆಯ ಗಾಡಿಗೆ ಮನ್ನಣೆ ಕೊಡುವ ನಿಯಮ ಬಂತು, ಅದರ ಫಲಕಕ್ಕೆ ಎರಡು ಅಕ್ಷರ ಬಂದುವು. ಅದನ್ನು ಬದುಕಿಸಬಲ್ಲ ಕೈಗೆ ಯಾವ ಅಕ್ಷರವೂ ಬರಲಿಲ್ಲ. ಹುಡುಗ ಎರಕದ ಕಾರ್ಖಾನೆಯ ಕೆಲಸ ಬಿಟ್ಟಿಲ್ಲ. ಭಾನುವಾರಗಳನ್ನು ಮಾತ್ರ ಭದ್ರಾವತಿಗೆ ಕೊಟ್ಟಿದ್ದಾನೆ. ವಾರಕ್ಕೊಂದು ದಿನದಲ್ಲಿ ಮೂವತ್ತು ವರ್ಷದ ವಿದ್ಯೆ ಎಷ್ಟು ಬಂದೀತು? ಆದರೂ ಮೇಸ್ತ್ರಿಗಳು ಶನಿವಾರ ಸಂಜೆಯೇ ಫೋನು ಮಾಡಿ, "ನಾಳೆ ಹುಡುಗ ಬರ್ತಾನಲ್ಲ ಗುರುಗಳೇ?" ಎಂದು ಕೇಳುತ್ತಾರೆ.

ಅವರ ಬಳಿ ಒಂದು ನೋಟ್ ಪುಸ್ತಕವಿದೆ. ರಟ್ಟು ಹೋಗಿ, ಗ್ರೀಸು ಹತ್ತಿ, ಅಂಚು ಮಡಿಸಿದೆ. ನಲವತ್ತು ವರ್ಷಗಳಿಂದ ಯಾವ ಗಾಡಿಯ ಯಾವ ಭಾಗ ಇನ್ನಾವುದಕ್ಕೆ ಹೊಂದುತ್ತದೆ, ಎಷ್ಟು ತರೆಯಬೇಕು, ಎಷ್ಟು ಬುಷ್ ಕೊಡಬೇಕು ಎಂಬುದನ್ನೆಲ್ಲ ಕನ್ನಡ, ತಮಿಳು, ಇಂಗ್ಲಿಷ್ ಬೆರಸಿ, ಚಿತ್ರ ಬರೆದು ಗುರುತು ಹಾಕಿದ್ದಾರೆ. ಅವರ ಒಪ್ಪಿಗೆ ಪಡೆದು ನಾವು ಅದರ ಪ್ರತಿ ಎತ್ತುತ್ತಿದ್ದೇವೆ. ಅರವತ್ತರ ಮೇಲೆ ನಮ್ಮ ಕೈಗೆ ಬಂದ ಹಸ್ತಪ್ರತಿ ಇದು. ಐವತ್ತೆರಡು ಪುಟಗಳಾದುವು, ಇನ್ನೂ ಅಷ್ಟೇ ಇವೆ. ಇಂಚು ಮಿಲಿಮೀಟರುಗಳು ಒಂದೇ ಸಾಲಿನಲ್ಲಿ ಬೆರೆತ ಕಡೆ ಎರಡನ್ನೂ ಬಿಡಿಸಿ ಬರೆಯುತ್ತೇವೆ, ಸಂಶಯವಿದ್ದಲ್ಲಿ ಕಂಸ ಹಾಕುತ್ತೇವೆ. ಮೂವತ್ತೊಂದನೆಯ ಪುಟದಲ್ಲಿ ಜೀಪಿನ ಕ್ಲಚ್ ಶಾಫ್ಟಿನ ಒಂದು ಅಳತೆಯ ಮೇಲೆ ಎಣ್ಣೆಯ ಕಲೆ ಬಿದ್ದು ಅಂಕಿ ಮೂರೋ ಎಂಟೋ ತಿಳಿಯುತ್ತಿಲ್ಲ. ಮೇಸ್ತ್ರಿಗಳಿಗೂ ಮರೆತಿದೆ. ಮಾಚೇನಹಳ್ಳಿಯ ಆಚೆ ಒಬ್ಬರ ತೋಟದಲ್ಲಿ ಅವರು ಆ ಕಾಲದಲ್ಲಿ ಎಂಜಿನ್ ಬದಲಿಸಿಕೊಟ್ಟ ಜೀಪು ಇನ್ನೂ ಇದೆಯಂತೆ. ಬರುವ ಭಾನುವಾರ ವರ್ನಿಯರ್ ಹಿಡಿದು ಹುಡುಗ ಅಲ್ಲಿಗೆ ಹೋಗುತ್ತಾನೆ. ಜೊತೆಯಲ್ಲಿ ನಾವೂ ಹೊರಟಿದ್ದೇವೆ, ಜಾವಾದ ಹಿಂದಿನ ಸೀಟಿನಲ್ಲಿ.